ನಾಲ್ಕನೇ ನಿಯಮದ ರೆಫರಿ

ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಇಪ್ಪತ್ತೊಂದು ವರ್ಷ ಕೂತವನ ಕಣ್ಣಿಗೆ ಈ ಲೋಕದಲ್ಲಿ ಎರಡೇ ಬಗೆಯ ಜನ ಕಾಣುತ್ತಾರೆ. ಅರ್ಜಿಯನ್ನು ಸರಿಯಾಗಿ ತುಂಬಿದವರು, ತುಂಬದವರು. ನಮ್ಮ ಗುಮಾಸ್ತರ ಅನುಭವದಲ್ಲಿ ಮೊದಲನೆಯ ಬಗೆಯವರು ಇನ್ನೂ ಹುಟ್ಟಿರಲಿಲ್ಲ. ಸಹಿ ಗೆರೆ ದಾಟಿದೆ, ದಿನಾಂಕಕ್ಕೆ ಇಸವಿ ಇಲ್ಲ, ಫೋಟೋದಲ್ಲಿ ಹಿಂದಿನ ಪರದೆ ನೀಲಿಯಾಗಿದೆ, ಹೀಗೆ ಏನಾದರೊಂದು ಕೊರತೆ ಹುಡುಕಿ, ಕೆಂಪು ಪೆನ್ಸಿಲ್ಲಿನಲ್ಲಿ ದುಂಡಗೆ ಗುರುತು ಹಾಕಿ, "ಸರಿಮಾಡ್ಕೊಂಡು ಬನ್ನಿ, ಪಾಪ" ಎಂದು ಹಿಂದಿರುಗಿಸುತ್ತಿದ್ದರು. ಆ "ಪಾಪ"ದಲ್ಲಿ ನಿಜವಾದ ಕನಿಕರವೇ ಇರುತ್ತಿತ್ತು. ಅವರು ಕೆಟ್ಟ ಮನುಷ್ಯರಲ್ಲ.

ಅವರಿಗಿದ್ದ ದೋಷ ಒಂದೇ. ಯಾರು ಯಾವ ಮಾತೆತ್ತಿದರೂ "ಅದರಲ್ಲಿ ನಾವೂ ಒಂದು ಕೈ ನೋಡಿದೀವಿ" ಎನ್ನದೆ ಇರಲು ಅವರಿಂದ ಆಗುತ್ತಿರಲಿಲ್ಲ. ಪಕ್ಕದ ಮನೆಯವರು ಜೇನು ಸಾಕುವ ಮಾತಾಡಿದಾಗ ತಾವೂ ಸಾಕಿದ್ದಾಗಿ ಹೇಳಿ, ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಲು ಹೋಗಿ, ಮುಖ ಊದಿಸಿಕೊಂಡು ಮನೆಗೆ ಬಂದಿದ್ದರು. ಮುಲಾಮು ಹಚ್ಚುತ್ತಾ ಹೆಂಡತಿ, "ಇನ್ನಾದ್ರೂ ಬಾಯಿ ಮುಚ್ಕೊಂಡಿರಿ" ಅಂದಳು. ತುಟಿಯೂ ಊದಿದ್ದರಿಂದ ಒಂದು ವಾರ ಆ ಮಾತನ್ನು ನಡೆಸಿಕೊಟ್ಟರು.

ಎಂಟನೆಯ ದಿನ ಕ್ಷೌರದಂಗಡಿಗೆ ಹೋದರು. ಪಕ್ಕದ ಕುರ್ಚಿಯಲ್ಲಿ ಮಗಳ ಶಾಲೆಯ ವ್ಯಾಯಾಮದ ಮೇಷ್ಟ್ರು ಮುಖದ ತುಂಬ ನೊರೆ ಬಳಿಸಿಕೊಂಡು ಕೂತು ಗೋಳಾಡುತ್ತಿದ್ದರು. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಗುರುವಾರ ಶುರು. ಎಂಟು ಶಾಲೆಗಳು ಬರುತ್ತವೆ. ರೆಫರಿ ಆಗಬೇಕಿದ್ದವರು ಮನೆಯ ಬಲ್ಬು ಬದಲಿಸಲು ಏಣಿ ಹತ್ತಿ, ಏಣಿಯನ್ನು ಬಿಟ್ಟು ಇಳಿದಿದ್ದರು. ಕಾಲಿಗೆ ಈಗ ಪ್ಲಾಸ್ಟರು.

"ಇಡೀ ಊರಲ್ಲಿ ಬ್ಯಾಸ್ಕೆಟ್‌ಬಾಲ್ ಗೊತ್ತಿರೋ ಒಬ್ಬ ಮನುಷ್ಯ ಇಲ್ವಲ್ಲ" ಎಂದರು ಮೇಷ್ಟ್ರು.

"ಕಾಲೇಜಲ್ಲಿದ್ದಾಗ ನಾವು ಬ್ಯಾಸ್ಕೆಟ್‌ಬಾಲಲ್ಲೇ ಎದ್ದು ಬ್ಯಾಸ್ಕೆಟ್‌ಬಾಲಲ್ಲೇ ಮಲಗ್ತಿದ್ವಿ" ಎಂದರು ಗುಮಾಸ್ತರು.

ಇದು ಪೂರ್ತಿ ಸುಳ್ಳಲ್ಲ. ಅವರ ಹಾಸ್ಟೆಲ್ ಕೋಣೆಯ ಕಿಟಕಿ ಅಂಕಣದ ಕಡೆಗಿತ್ತು. ಚೆಂಡು ಎರಡು ಸಲ ಗಾಜು ಒಡೆದುಕೊಂಡು ಅವರ ಹಾಸಿಗೆಯ ಮೇಲೇ ಬಂದು ಬಿದ್ದಿತ್ತು. ಮೂರನೆಯ ಸಲಕ್ಕೆ ಮೊದಲೇ ಅವರು ಕಿಟಕಿಗೆ ಹಲಗೆ ಹೊಡೆಸಿದ್ದರು. ಆ ಆಟದ ಜೊತೆಗೆ ಅವರ ಸಂಬಂಧ ಅಷ್ಟೇ.

ಮೇಷ್ಟ್ರು ನೊರೆಯ ಸಮೇತ ಎದ್ದು ಬಂದರು. "ನಮ್ಮ ಊರಲ್ಲೇ ಇದೀರಿ, ನಮಗೇ ಗೊತ್ತಿಲ್ಲ ನೋಡಿ. ಹಾಗಾದ್ರೆ ನೀವೇ ರೆಫರಿ ಆಗಿಬಿಡಿ ಸರ್. ಆಗಲ್ಲ ಅನ್ಬೇಡಿ."

ಆಗಲ್ಲ ಅನ್ನಲು ಗುಮಾಸ್ತರು ಬಾಯಿ ತೆರೆದರು. ಅಷ್ಟರಲ್ಲಿ ಕ್ಷೌರಿಕ ಅವರ ಗಂಟಲ ಮೇಲೆ ಕತ್ತಿಯಿಟ್ಟು, "ಅಲ್ಲಾಡಬೇಡಿ ಸ್ವಾಮಿ" ಎಂದ. ತಲೆಯನ್ನೂ ಅಲ್ಲಾಡಿಸುವಂತಿಲ್ಲ, ಗಂಟಲನ್ನೂ ಅಲ್ಲಾಡಿಸುವಂತಿಲ್ಲ. ಕತ್ತಿ ಗದ್ದದ ಕೆಳಗಿಂದ ಕೆನ್ನೆಗೆ ಬರುವ ಹೊತ್ತಿಗೆ ಮೇಷ್ಟ್ರು ಮೂರು ಸಲ ಥ್ಯಾಂಕ್ಸ್ ಹೇಳಿ, ಅರ್ಧ ಗಡ್ಡದಲ್ಲೇ ಮುಖ್ಯೋಪಾಧ್ಯಾಯಿನಿಗೆ ಫೋನು ಮಾಡಿಯಾಗಿತ್ತು.

ಮಧ್ಯಾಹ್ನ ಮನೆಗೆ ಒಂದು ಸೀಟಿ ಮತ್ತು ಒಂದು ನಿಯಮದ ಪುಸ್ತಕ ಬಂದವು. ಐವತ್ತು ನಿಯಮ. ಗುಮಾಸ್ತರು ಕಾಗದಕ್ಕೆ ಹೆದರುವ ಪೈಕಿಯಲ್ಲ. ಕೆಂಪು ಪೆನ್ಸಿಲ್ ಹಿಡಿದು ಓದಲು ಕೂತರು. ಒಂದನೆಯದು ಆಟ ಅಂದರೇನು ಎಂಬುದು, ಎರಡನೆಯದು ಅಂಕಣದ ಅಳತೆ, ಮೂರನೆಯದು ಸಲಕರಣೆ. ನಾಲ್ಕನೆಯದಕ್ಕೆ ಬಂದಾಗ ಅವರ ಮುಖ ಅರಳಿತು. ಅಂಗಿಯ ಮುಂದೆಯೂ ಹಿಂದೆಯೂ ಒಂದೇ ಬಣ್ಣ ಇರಬೇಕು. ಅಂಗಿ ಚಡ್ಡಿಯೊಳಗೆ ಸೇರಿರಬೇಕು. ಬೆನ್ನಿನ ಅಂಕಿ ಹದಿನಾರು ಸೆಂಟಿಮೀಟರಿಗೆ ಕಡಿಮೆ ಇರಕೂಡದು. ಒಡವೆ ಕೂಡದು. ಕಾಲುಚೀಲ ಎಲ್ಲರದೂ ಒಂದೇ ಬಣ್ಣದ್ದಾಗಿರಬೇಕು. ಓದುತ್ತಾ ಓದುತ್ತಾ ಅವರಿಗೆ ತಮ್ಮ ಕಿಟಕಿಯ ಹಿಂದೆ ಕೂತಷ್ಟು ನೆಮ್ಮದಿಯಾಯಿತು. ಮತ್ತೆ ಪುಟ ತಿರುವಿದರು. ಚೆಂಡು ಯಾವಾಗ ಜೀವಂತ, ಯಾವಾಗ ನಿರ್ಜೀವ ಎಂಬ ವಿಚಾರ ಬಂತು. ಸತ್ತ ಚೆಂಡು ಮತ್ತೆ ಹೇಗೆ ಜೀವ ತಳೆಯುತ್ತದೆ ಎಂದು ಅದರಲ್ಲಿ ಬರೆದಿತ್ತು.

"ಇದು ವೇದಾಂತ" ಎಂದು ಗುಮಾಸ್ತರು ಪುಸ್ತಕ ಮುಚ್ಚಿದರು.

ಆಮೇಲೆ ನಾಲ್ಕು ದಿನ ಅವರು ತೆರೆದದ್ದು ನಾಲ್ಕನೇ ನಿಯಮವನ್ನು ಮಾತ್ರ. ಬೆಳಿಗ್ಗೆ ಓದಿದರು, ಸಂಜೆ ಓದಿದರು, ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿದರು. ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿ ಅದನ್ನೆಲ್ಲ ಕೇಳಿಸಿಕೊಂಡು, ಶಾಲೆಯ ತಂಡದಲ್ಲಿದ್ದ ಮಗಳ ಅಂಗಿಯ ಅಂಕಿ ಬಿಚ್ಚಿ ದೊಡ್ಡದು ಹೊಲಿದಳು. ಮಗಳ ತಂಡದ ಉಳಿದ ತಾಯಂದಿರಿಗೂ ಹೇಳಿದಳು. ಅವಳು ಹೇಳಿದ್ದು ಅಕ್ಕಪಕ್ಕದ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ರೀತಿಯಲ್ಲಿ. ಅದರಲ್ಲಿ ಮೋಸ ವಂಚನೆ ಏನೂ ಇರಲಿಲ್ಲ. ಆದರೆ ಮುಂದೆ ಅದು ಏನೇನೋ ಆಯಿತು.

ಗುರುವಾರ ಗುಮಾಸ್ತರು ಸೀಟಿ ಹಿಡಿದು ಅಂಕಣದ ಅಂಚಿನಲ್ಲಿ ನಿಂತರು. ಮಗಳ ಶಾಲೆಯ ಮೊದಲ ಪಂದ್ಯ. ಸುತ್ತ ಬೆಂಚುಗಳ ಮೇಲೆ ತಂದೆತಾಯಂದಿರು ಕೂತಿದ್ದರು. ಮೇಜಿನ ಹತ್ತಿರ ಗಣಿತದ ಟೀಚರು ಗಡಿಯಾರ ಹಿಡಿದಿದ್ದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಸೀಟಿ ಊದಿದರೆ ಆಟ ಶುರುವಾಗುತ್ತದೆ. ಆಟ ಶುರುವಾದರೆ ಮಾನ ಹೋಗುತ್ತದೆ.

"ಎಲ್ರೂ ಸಾಲಾಗಿ ನಿಂತ್ಕೊಳ್ಳಿ" ಎಂದರು ಗುಮಾಸ್ತರು. ಜೇಬಿನಿಂದ ಹೆಂಡತಿಯ ಅಳತೆ ಟೇಪು ಹೊರಗೆ ತೆಗೆದರು.

ಎದುರು ಶಾಲೆಯ ಏಳು ಹುಡುಗಿಯರು ಬೆನ್ನು ತಿರುಗಿಸಿ ನಿಂತರು. ಮೊದಲನೆಯವಳ ಅಂಕಿ ಹದಿನಾಲ್ಕು ಸೆಂಟಿಮೀಟರು. ಎರಡನೆಯವಳ ಏಳು ಒಂದರ ಹಾಗೆ ಕಾಣುತ್ತಿತ್ತು. ಮೂರನೆಯವಳ ತಲೆಯಲ್ಲಿ ಕಬ್ಬಿಣದ ಕ್ಲಿಪ್ಪು. ಮೂವರನ್ನೂ "ಸರಿಮಾಡ್ಕೊಂಡು ಬನ್ನಿ, ಪಾಪ" ಎಂದು ಹೊರಗೆ ಕಳಿಸಿದರು. ಕ್ಲಿಪ್ಪು ತೆಗೆದು ಬಂದವಳ ಕೂದಲು ಹಣೆ ದಾಟಿ ಅಂಗಿಯ ಮುಂದಿನ ಅಂಕಿಯನ್ನು ಮುಚ್ಚಿತು. ಅವಳನ್ನೂ ಮತ್ತೆ ಕಳಿಸಿದರು.

ಆ ಶಾಲೆಯ ಮೇಷ್ಟ್ರು ಓಡಿ ಬಂದರು. "ಸರ್, ಮಕ್ಕಳ ಆಟ ಇದು. ಎರಡು ಸೆಂಟಿಮೀಟರ್ ಹೆಚ್ಚುಕಡಿಮೆ ಆದ್ರೆ ಏನಾಗುತ್ತೆ?"

"ಎರಡು ಸೆಂಟಿಮೀಟರ್ ಬಿಟ್ರೆ ನಾಳೆ ನಾಲ್ಕು ಬಿಡಬೇಕು. ನಾಳಿದ್ದು ಅಂಕಿನೇ ಬೇಡ ಅಂತೀರಿ. ಆಮೇಲೆ ಅಂಗಿ ಬೇಡ ಅಂತೀರಿ."

"ನಾನ್ಯಾಕೆ ಸರ್ ಅಂಗಿ ಬೇಡ ಅಂತೀನಿ?"

"ಅದನ್ನೇ ನಾನೂ ಕೇಳ್ತಿರೋದು" ಎಂದರು ಗುಮಾಸ್ತರು.

ಕಡೆಗೆ ಆ ತಂಡದಲ್ಲಿ ನಾಲ್ವರು ಉಳಿದರು. ಆಡಲು ಐವರು ಬೇಕು. ಒಂದು ಸಲವೂ ಚೆಂಡು ನೆಲಕ್ಕೆ ಬಡಿಯದೆ ಮಗಳ ಶಾಲೆ ಗೆದ್ದಿತು. ಗುಮಾಸ್ತರು ಟೇಪು ಸುತ್ತಿ ಜೇಬಿಗಿಟ್ಟರು. ಅದೇ ಹಾದಿಯಲ್ಲಿ ಅಂದಿನ ಉಳಿದ ಪಂದ್ಯಗಳೂ ತೀರ್ಮಾನವಾದವು. ಮುಖ್ಯೋಪಾಧ್ಯಾಯಿನಿ ಮೈಕು ಹಿಡಿದು, ಇಂಥ ಶಿಸ್ತನ್ನು ತಮ್ಮ ಮೂವತ್ತು ವರ್ಷದ ಸೇವೆಯಲ್ಲಿ ಕಂಡಿಲ್ಲ ಎಂದರು. ಅದು ನಿಜ. ಆಟವಿಲ್ಲದ ಆಟದ ದಿನವನ್ನು ಯಾರೂ ಕಂಡಿರಲಿಲ್ಲ.

ಮಾರನೆಯ ದಿನದಿಂದ ಊರಿನಲ್ಲಿ ಅವರ ಹೆಸರು "ಟೇಪು ಸರ್" ಎಂದಾಯಿತು. ಟೈಲರು ಅಂಗಡಿಯ ಬಾಗಿಲಲ್ಲಿ ಕೈಮುಗಿದು, ಇಪ್ಪತ್ತೆಂಟು ಜರ್ಸಿ ಒಟ್ಟಿಗೆ ಬಂದಿವೆ, ಊಟಕ್ಕೂ ಬಿಡುವಿಲ್ಲ ಎಂದ. ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ಬಾಮೈದ ಓಡಿ ಬಂದು, "ಭಾವ, ಮುಂದಿನ ಸಲ ಬೂಟಿನ ಲೇಸು ಸ್ವಲ್ಪ ನೋಡಿ. ಗೋಡೌನಲ್ಲಿ ಬಿಳಿ ಲೇಸು ಹಾಗೇ ಬಿದ್ದಿದೆ" ಎಂದ. ದಾರಿಯಲ್ಲಿ ಎದುರಾದ ಹೆಣ್ಣುಮಕ್ಕಳು ಅವರನ್ನು ಕಂಡೊಡನೆ ಅಂಗಿ ಒಳಗೆ ಸೇರಿಸಿಕೊಳ್ಳುತ್ತಿದ್ದರು. ಒಂದಿಬ್ಬರು ಗಂಡಸರೂ ಸೇರಿಸಿಕೊಂಡರು. ಗುಮಾಸ್ತರ ನಡಿಗೆಯೇ ಬದಲಾಯಿತು. ಮನೆಯಲ್ಲಿ ಕಾಫಿ ಲೋಟ ಕೆಳಗಿಡುವಾಗಲೂ ತೀರ್ಪು ಕೊಟ್ಟ ಹಾಗೆ ಇಡತೊಡಗಿದರು.

ಶನಿವಾರ ಸೆಮಿಫೈನಲ್. ಎದುರು ತಂಡದವರು ಅಂಕಿ ದೊಡ್ಡದು ಮಾಡಿಸಿ, ಕೂದಲು ಬಿಗಿದು, ಉಗುರು ಕತ್ತರಿಸಿ ಬಂದಿದ್ದರು. ಗುಮಾಸ್ತರು ಟೇಪು ಹಿಡಿದು ಎರಡು ಸುತ್ತು ಬಂದರು. ಆಮೇಲೆ ಕೆಳಗೆ ನೋಡಿದರು. ನಾಲ್ಕು ಜೊತೆ ಕಾಲುಚೀಲ ಬಿಳಿ, ಮೂರು ಜೊತೆ ಕೆನೆಬಣ್ಣ.

"ಅದೂ ಬಿಳೀನೇ ಸರ್. ಒಗೆದು ಹಾಗಾಗಿದೆ" ಎಂದಳು ಒಬ್ಬ ಹುಡುಗಿ.

"ಒಗೆದ್ರೆ ಬಿಳಿ ಆಗಬೇಕಮ್ಮ."

ಹುಡುಗಿಯರು ಬಾಮೈದನ ಅಂಗಡಿಗೆ ಓಡಿದರು. ಕಾಲುಚೀಲ ಕೊಂಡು, ಹಾಕಿಕೊಂಡು ಬರುವಷ್ಟರಲ್ಲಿ ಮುಂದಿನ ಪಂದ್ಯಕ್ಕೆ ಅಂಕಣ ಬಿಟ್ಟುಕೊಡುವ ಹೊತ್ತಾಯಿತು. ಬೇರೆ ದಾರಿಯಿಲ್ಲದೆ ಚೀಟಿ ಎತ್ತಿದರು. ಗಣಿತದ ಟೀಚರು ಕಣ್ಣು ಮುಚ್ಚಿ ಎತ್ತಿದ ಚೀಟಿಯಲ್ಲಿ ಮಗಳ ಶಾಲೆಯ ಹೆಸರೇ ಬಂತು. ಹೀಗೆ ಒಂದು ಬುಟ್ಟಿಯನ್ನೂ ಹಾಕದೆ, ಒಂದು ಹನಿ ಬೆವರನ್ನೂ ಸುರಿಸದೆ, ಆ ತಂಡ ಫೈನಲ್ ತಲುಪಿತು.

ಸೋಮವಾರ ಕಚೇರಿಯ ಕಿಟಕಿಗೆ ಒಂದು ಗುಂಪು ಬಂತು. ಮುಂದೆ ನಿಂತಿದ್ದವರು ಕಾಲುಚೀಲದ ಹುಡುಗಿಯ ತಾಯಿ. ಕೈಯಲ್ಲೊಂದು ಅರ್ಜಿ. ಅರ್ಜಿಯಲ್ಲಿ ಏನಿದೆ ಎಂದು ಓದುವುದು ಗುಮಾಸ್ತರ ಕೆಲಸವಲ್ಲ, ಹೇಗಿದೆ ಎಂದು ನೋಡುವುದಷ್ಟೇ ಅವರ ಕೆಲಸ. ತಲೆಯೆತ್ತದೆ ಕೆಂಪು ಪೆನ್ಸಿಲ್ ಆಡಿಸಿ, "ವಿಷಯ ಅಂತ ಮೇಲೆ ಬರೆದಿಲ್ಲ. ಸರಿಮಾಡ್ಕೊಂಡು ಬನ್ನಿ, ಪಾಪ" ಎಂದರು.

ಆಕೆ ಬರೆದು ತಂದರು.

"ಪುಟಕ್ಕೆ ಸಂಖ್ಯೆ ಹಾಕಿಲ್ಲ. ಪಾಪ."

ಆಕೆ ಹಲ್ಲು ಕಚ್ಚಿಕೊಂಡು ಸಂಖ್ಯೆ ಹಾಕಿ ತಂದರು. ಗುಮಾಸ್ತರು ಮೇಲಿನಿಂದ ಕೆಳಗಿನವರೆಗೆ ನೋಡಿದರು. ದಿನಾಂಕ ಇತ್ತು, ಇಸವಿ ಇತ್ತು. ನಲವತ್ತೆರಡು ಸಹಿ, ಒಂದೂ ಗೆರೆ ದಾಟಿರಲಿಲ್ಲ. ಅವರ ಕಣ್ಣು ತುಂಬಿ ಬಂತು.

"ಇಪ್ಪತ್ತೊಂದು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಅರ್ಜಿ ನೋಡಿಲ್ಲಮ್ಮ" ಎಂದು ಮುದ್ರೆ ಒತ್ತಿದರು. ಒತ್ತಿದ ಮೇಲೆ, ಬರಿಯ ಮೆಚ್ಚುಗೆಯಿಂದ, ಒಂದು ಸಲ ಓದಿದರು.

ವಿಷಯ: ಸ್ವಂತ ಮಗಳ ತಂಡವನ್ನು ಗೆಲ್ಲಿಸುವ ಸಲುವಾಗಿ ಎದುರು ತಂಡಗಳನ್ನು ಅಂಗಿ ಮತ್ತು ಕಾಲುಚೀಲದ ನೆಪದಲ್ಲಿ ಹೊರಹಾಕಿರುವ ರೆಫರಿಯ ಬಗ್ಗೆ. ಒಳಗೆ ವಿವರವಿತ್ತು. ಗೆದ್ದ ತಂಡದ ತಾಯಂದಿರಿಗೆ ಮಾತ್ರ ಈ ನಿಯಮ ಮೊದಲೇ ಹೇಗೆ ತಿಳಿಯಿತು ಎಂಬ ಪ್ರಶ್ನೆಯಿತ್ತು. ಕಾಲುಚೀಲ ಮಾರಿದವನು ರೆಫರಿಯ ಹೆಂಡತಿಯ ತಮ್ಮ ಎಂಬ ಅಂಶವೂ ಇತ್ತು.

"ರಸೀದಿ ಕೊಡ್ತೀರಾ?" ಎಂದರು ಆಕೆ.

ಗುಮಾಸ್ತರು ರಸೀದಿ ಬರೆದರು. ಸಹಿ ಗೆರೆ ದಾಟಿತು.

ದೂರು ಕ್ರೀಡಾಧಿಕಾರಿಯ ಮೇಜಿಗೆ ಹೋಯಿತು. ರೆಫರಿಯನ್ನು ಬದಲಿಸಿ ಎಂದು ಕೆಲವರು ಕೇಳಿದರು. ಬದಲಿಸಿದರೆ ತಪ್ಪಾಗಿದೆ ಎಂದು ಒಪ್ಪಿಕೊಂಡ ಹಾಗೆ, ಒಪ್ಪಿಕೊಂಡರೆ ಎಂಟು ಶಾಲೆಯ ಪಂದ್ಯ ಮತ್ತೆ ನಡೆಸಬೇಕು ಎಂದು ಲೆಕ್ಕ ಹಾಕಿದ ಅಧಿಕಾರಿ, ಫೈನಲ್ಲಿಗೆ ತಾವೇ ಬಂದು ಕಣ್ಣೆದುರು ಆಡಿಸುವುದಾಗಿ ಆಜ್ಞೆ ಹೊರಡಿಸಿದರು. ರೆಫರಿ ಅವರೇ ಇರಲಿ, ನಾನೂ ಇರುತ್ತೇನೆ ಎಂದರು.

ಮಗಳು ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಶಾಲೆಯಲ್ಲಿ ಅವಳನ್ನು ನೋಡಿದಾಗಲೆಲ್ಲ ಯಾರಾದರೊಬ್ಬರು ಕೈಯಲ್ಲಿ ಟೇಪು ಎಳೆಯುವ ಹಾಗೆ ಮಾಡಿ ತೋರಿಸುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ, ಫೈನಲ್ ದಿನ, ತಿಂಡಿ ತಿನ್ನುತ್ತಿದ್ದ ಗುಮಾಸ್ತರ ಎದುರು ಬಂದು ನಿಂತಳು. ಹದಿಮೂರು ವರ್ಷದ ಹುಡುಗಿ. ನೋಟ ಮಾತ್ರ ಕಚೇರಿಯ ತಪಾಸಣೆಗೆ ಬಂದವರದು.

"ಅಪ್ಪ, ಟ್ರಾವೆಲಿಂಗ್ ಅಂದ್ರೆ ಏನು?"

"ಪ್ರಯಾಣ."

"ಬ್ಯಾಸ್ಕೆಟ್‌ಬಾಲಲ್ಲಿ?"

ಗುಮಾಸ್ತರು ಒಂದು ತುತ್ತು ನಿಧಾನವಾಗಿ ನುಂಗಿದರು. "ಅದರಲ್ಲೂ ಪ್ರಯಾಣ ಇದ್ದೇ ಇರುತ್ತಲ್ಲ. ಒಂದೂರಿಂದ ಇನ್ನೊಂದೂರಿಗೆ ಆಡೋಕೆ ಹೋಗ್ತಾರೆ."

ಮಗಳು ಅವರನ್ನೇ ದಿಟ್ಟಿಸಿದಳು. ಅವಳ ಬಿಗಿದ ಮುಖ ಮೆಲ್ಲಗೆ ಸಡಿಲವಾಯಿತು. ಕುರ್ಚಿಯ ಮೇಲೆ ಕುಸಿದು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗುಮಾಸ್ತರಿಗೆ ತಿಳಿಯಲಿಲ್ಲ.

"ನೀನು ಮೋಸ ಮಾಡಿಲ್ಲ" ಎಂದಳು. "ನಿನಗೆ ಆಟಾನೇ ಗೊತ್ತಿಲ್ಲ. ಅಮ್ಮ, ಅಪ್ಪ ಮೋಸ ಮಾಡಿಲ್ಲ. ಅಪ್ಪಂಗೆ ಏನೂ ಗೊತ್ತಿಲ್ಲ."

"ಅದು ಮದುವೆ ಆದಾಗಿಂದ ನನಗೆ ಗೊತ್ತು" ಎಂಬ ಉತ್ತರ ಅಡುಗೆಮನೆಯಿಂದ ಬಂತು.

ಗುಮಾಸ್ತರು ತಲೆ ತಗ್ಗಿಸಿದರು. ಈಗಲೇ ಹೋಗಿ ಮೇಷ್ಟ್ರಿಗೆ ನಿಜ ಹೇಳಿಬಿಡುತ್ತೇನೆ ಎಂದರು. ಹೇಳಿದರೆ ಪಂದ್ಯವೇ ನಡೆಯುವುದಿಲ್ಲ, ಒಂದು ವರ್ಷದಿಂದ ಅಭ್ಯಾಸ ಮಾಡಿದ್ದೇನೆ, ಇನ್ನೂ ಒಂದು ಪಂದ್ಯವನ್ನೂ ಆಡಿಲ್ಲ ಎಂದಳು ಮಗಳು. ಅವಳೇ ಒಂದು ದಾರಿ ಹುಡುಕಿದಳು. ತಪ್ಪಾದಾಗ ಅವಳು ಕಿವಿ ಹಿಡಿದುಕೊಳ್ಳುತ್ತಾಳೆ, ಅಪ್ಪ ಸೀಟಿ ಊದಬೇಕು. ಎಡಗಿವಿ ಹಿಡಿದರೆ ಅವಳ ತಂಡದ ತಪ್ಪು, ಬಲಗಿವಿ ಹಿಡಿದರೆ ಎದುರು ತಂಡದ್ದು.

"ನಿಮ್ಮ ತಂಡದ ತಪ್ಪನ್ನೂ ಹೇಳ್ತೀಯಾ?"

"ಮತ್ತೆ? ತಪ್ಪು ಅಂದ್ರೆ ತಪ್ಪು ತಾನೇ."

ಸಂಜೆ ನಾಲ್ಕು ಗಂಟೆಗೆ ಅಂಕಣದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಎದುರು ಶಾಲೆಯ ತಾಯಂದಿರು ಸೂಜಿ, ದಾರ, ಪಿನ್ನು, ಎಂಟು ಜೊತೆ ಹೆಚ್ಚುವರಿ ಕಾಲುಚೀಲ, ಒಂದು ಇಸ್ತ್ರಿಪೆಟ್ಟಿಗೆ ಸಮೇತ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಸೋತು ಹೊರಬಿದ್ದ ಶಾಲೆಗಳ ತಾಯಂದಿರೂ, ಕಾಲುಚೀಲದ ಹುಡುಗಿಯ ತಾಯಿಯೂ ಅವರ ಜೊತೆ ಸೇರಿದ್ದರು. ನಿಯಮದ ಪುಸ್ತಕದ ನಕಲು ಎಲ್ಲರ ತೊಡೆಯ ಮೇಲೂ ಇತ್ತು. ಗುಮಾಸ್ತರು ಅಭ್ಯಾಸಬಲದಿಂದ ತಂಡವನ್ನು ಸಾಲಾಗಿ ನಿಲ್ಲಿಸಿ, ಅಳೆದು, ಬಗ್ಗಿ, ಸುತ್ತಿ ಬಂದರು. ಒಂದು ದಾರವೂ ಜೋತಾಡುತ್ತಿರಲಿಲ್ಲ. ಎತ್ತರದ ಒಬ್ಬ ಹುಡುಗಿ, ಒಂಬತ್ತನೇ ನಂಬರಿನ ನಾಯಕಿ, ಕೇಳುವ ಮೊದಲೇ ಎರಡು ಕೈಯ ಉಗುರು ಮುಂದೆ ಚಾಚಿದಳು.

ಎಲ್ಲವೂ ಸರಿಯಾಗಿತ್ತು. ಇನ್ನು ಆಟ ಆಡಿಸುವುದೊಂದೇ ಉಳಿದಿತ್ತು. ಗುಮಾಸ್ತರ ಕಣ್ಣು ಅತ್ತಿತ್ತ ಓಡಿತು, ಚೆಂಡನ್ನು ಮೊದಲ ಸಲ ಮೇಲಕ್ಕೆ ಎಸೆಯಲು ಬಂದು ನಿಂತಿದ್ದ ಕ್ರೀಡಾಧಿಕಾರಿಯ ಕೈಯ ಮೇಲೆ ನಿಂತಿತು. ಬೆರಳಲ್ಲಿ ಹಸಿರು ಕಲ್ಲಿನ ಒಂದು ದಪ್ಪ ಉಂಗುರ.

"ಸರ್, ಉಂಗುರ."

"ಏನಾಗಿದೆ ಉಂಗುರಕ್ಕೆ?"

"ಅಂಕಣದೊಳಗೆ ಒಡವೆ ಇರಕೂಡದು ಸರ್."

"ನಾನೇನು ಆಡೋಕೆ ಬಂದಿಲ್ಲಪ್ಪ. ಚೆಂಡು ಎಸೆದು ಹೋಗ್ತೀನಿ."

ಅಷ್ಟರಲ್ಲಿ ಮೊದಲ ಸಾಲಿನಲ್ಲಿ ಹಾಳೆಗಳು ಸರಸರನೆ ತಿರುಗಿದವು. ಕಾಲುಚೀಲದ ತಾಯಿ ಎದ್ದು ನಿಂತರು. "ನಮ್ಮ ಮಕ್ಕಳಿಗೆ ಒಂದು ಕ್ಲಿಪ್ಪಿಗೂ ಜಾಗ ಇಲ್ಲ. ದೊಡ್ಡವರಿಗೆ ಬೇರೆ ನಿಯಮಾನಾ?"

ರೆಫರಿಯನ್ನು ಹಿಡಿಯಲು ಬಂದವರೆಲ್ಲ ಆ ಗಳಿಗೆಯಲ್ಲಿ ರೆಫರಿಯ ಪರವಾದರು. ಅಧಿಕಾರಿ ಉಂಗುರ ಎಳೆದರು. ಬರಲಿಲ್ಲ. ಮೂವತ್ತು ವರ್ಷದ ಹಿಂದೆ ಮದುವೆಯಲ್ಲಿ ತೊಟ್ಟದ್ದು. ಆಮೇಲೆ ಬೆರಳು ಬೆಳೆದಿತ್ತು, ಉಂಗುರ ಬೆಳೆದಿರಲಿಲ್ಲ. ಸೋಪು ತಂದರು. ಎಣ್ಣೆ ತಂದರು. ವ್ಯಾಯಾಮದ ಮೇಷ್ಟ್ರು ಕೈ ಹಿಡಿದು ಎಳೆದರು, ಮೇಷ್ಟ್ರ ಸೊಂಟ ಹಿಡಿದು ಗಣಿತದ ಟೀಚರು ಎಳೆದರು. ಬೆರಳು ಟೊಮೆಟೊ ಬಣ್ಣಕ್ಕೆ ತಿರುಗಿತು. ಕಡೆಗೆ ಪ್ರೇಕ್ಷಕರ ನಡುವಿನಿಂದ ಟೈಲರು ಬಂದು, ಬೆರಳಿಗೆ ಒತ್ತಾಗಿ ದಾರ ಸುತ್ತಿ, ಒಂದು ತುದಿ ಹಿಡಿದು ಬಿಚ್ಚುತ್ತಾ ಬಂದ. ಉಂಗುರ ಠಣ್ಣನೆ ಹಾರಿತು. ಅದನ್ನು ಹುಡುಕಲು ಇನ್ನೊಂದು ಕಾಲು ಗಂಟೆ ಹಿಡಿಯಿತು. ಮುಖ್ಯೋಪಾಧ್ಯಾಯಿನಿಯ ಕೈಚೀಲದೊಳಗೆ ಸಿಕ್ಕಿತು.

ಅಧಿಕಾರಿ ಖಾಲಿ ಬೆರಳನ್ನು ಮಡಿಸಿ ಬಿಚ್ಚಿ ನೋಡಿಕೊಂಡರು. "ಮೂವತ್ತು ವರ್ಷ ಆದ್ಮೇಲೆ ಇವತ್ತು ಗಾಳಿ ತಾಗ್ತಿದೆ ಕಣ್ರೀ" ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ.

ಚೆಂಡು ಮೇಲಕ್ಕೆ ಹೋಯಿತು. ಇನ್ನು ತಪ್ಪಿಸಿಕೊಳ್ಳುವ ಹಾದಿಯಿರಲಿಲ್ಲ.

ಹತ್ತು ಹುಡುಗಿಯರು ಅತ್ತ ಓಡಿದರು. ಗುಮಾಸ್ತರೂ ಅತ್ತ ಓಡಿದರು. ಅವರು ತಲುಪುವಷ್ಟರಲ್ಲಿ ಎಲ್ಲರೂ ಇತ್ತ ಓಡುತ್ತಿದ್ದರು. ಅವರು ಚೆಂಡನ್ನು ನೋಡಲಿಲ್ಲ, ಬುಟ್ಟಿಯನ್ನು ನೋಡಲಿಲ್ಲ. ಮಗಳ ಕೈಯನ್ನಷ್ಟೇ ನೋಡಿದರು. ಅವಳು ಕಿವಿ ಹಿಡಿದಳು. ಅವರು ಸೀಟಿ ಊದಿ, ಗಂಭೀರವಾಗಿ ಎದುರು ತಂಡದ ಕಡೆಗೆ ಕೈ ತೋರಿದರು. ಮಗಳ ಕಣ್ಣು ಅಗಲವಾದವು. ಮತ್ತೆ ಕಿವಿ ಹಿಡಿದಳು. ಮತ್ತೆ ಊದಿದರು, ಈ ಸಲ ಅವಳ ತಂಡದ ಕಡೆಗೆ ತೋರಿದರು. ಮೊದಲ ಹತ್ತು ನಿಮಿಷ ಎರಡೂ ತಂಡದವರು ಒಬ್ಬರ ತಪ್ಪಿಗೆ ಇನ್ನೊಬ್ಬರು ಶಿಕ್ಷೆ ಅನುಭವಿಸಿದರು.

ನೀರು ಕುಡಿಯುವ ಬಿಡುವಿನಲ್ಲಿ ಮಗಳು ಅವರ ಪಕ್ಕದಲ್ಲಿ ಹಾದು ಹೋದಳು. "ನನ್ನ ಎಡ" ಎಂದಳು ಹಲ್ಲಿನ ಸಂದಿಯಿಂದ. "ನನ್ನ ಎಡ ಅಪ್ಪ. ನೀನು ಎದುರು ನಿಂತಿದೀಯ."

ಅಲ್ಲಿಂದ ಆಟ ದಾರಿಗೆ ಬಂತು. ಕಿವಿ, ಸೀಟಿ, ಕೈ. ಕಿವಿ, ಸೀಟಿ, ಕೈ. ಮೊದಲ ಸಾಲಿನ ತಾಯಂದಿರು ಪುಸ್ತಕ ತಿರುವಿ ನೋಡಿ, ಹೌದು, ಸರಿ ಎಂದು ತಲೆದೂಗತೊಡಗಿದರು. ಸ್ವಂತ ಮಗಳ ತಂಡದ ವಿರುದ್ಧವೇ ಅವರು ಸಾಲಾಗಿ ನಾಲ್ಕು ಸಲ ಊದಿದಾಗ ಕಾಲುಚೀಲದ ತಾಯಿ ಪಕ್ಕದವರಿಗೆ, "ಇಷ್ಟೊಂದು ಕಠೋರ ಇರಬಾರದಪ್ಪ, ಹೆತ್ತ ಮಗಳು ಅಲ್ವಾ" ಎಂದರು.

ಎರಡನೆಯ ಭಾಗದಲ್ಲಿ ಒಂದು ವಿಚಿತ್ರ ನಡೆಯಿತು. ಮಗಳು ಅಂಕಣದ ಆ ತುದಿಯಲ್ಲಿದ್ದಾಗ, ಒಂಬತ್ತನೇ ನಂಬರಿನ ಎತ್ತರದ ಹುಡುಗಿ ತನ್ನ ಕಿವಿ ಹಿಡಿದುಕೊಂಡಳು. ಗುಮಾಸ್ತರು ಯೋಚಿಸಲು ಹೋಗಲಿಲ್ಲ. ಅವರ ಬಾಯಿ ಆಗಲೇ ಕಿವಿಯ ಗುಲಾಮನಾಗಿತ್ತು. ಊದಿಬಿಟ್ಟರು. ಹುಡುಗಿ ಹಿಡಿದದ್ದು ಎಡಗಿವಿ. ಎಡಗಿವಿ ಎಂದರೆ ಹಿಡಿದವಳ ತಂಡದ್ದೇ ತಪ್ಪು ಎಂಬ ಗುಟ್ಟು ಅವಳಿಗೂ ಹೊಳೆದಿತ್ತು. ಯಾರೂ ತಕರಾರು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಹಿಡಿದಳು. ಆಮೇಲೆ ಹತ್ತೂ ಹುಡುಗಿಯರು, ಯಾರು ಹತ್ತಿರವಿದ್ದರೋ ಅವರು, ಹಿಡಿಯತೊಡಗಿದರು. ಯಾರ ಕಿವಿಯನ್ನು ನೋಡಬೇಕೆಂದು ತಿಳಿಯದೆ ಗುಮಾಸ್ತರು ಬುಗುರಿಯ ಹಾಗೆ ತಿರುಗಿದರು. ಕ್ರೀಡಾಧಿಕಾರಿ ಮೆಚ್ಚಿ, "ನೋಡಿ, ಒಂದು ಕ್ಷಣ ಒಂದು ಕಡೆ ನಿಲ್ಲಲ್ಲ ಮನುಷ್ಯ" ಎಂದರು.

ಕೊನೆಯ ಗಳಿಗೆ. ಎದುರು ತಂಡ ಇಪ್ಪತ್ತೊಂದು, ಮಗಳ ತಂಡ ಇಪ್ಪತ್ತು. ಗಣಿತದ ಟೀಚರು ಸೆಕೆಂಡು ಎಣಿಸುತ್ತಿದ್ದರು. ಮಗಳ ಕೈಗೆ ಚೆಂಡು ಬಂತು. ನುಗ್ಗಿದಳು, ಇಬ್ಬರ ನಡುವೆ ನುಸುಳಿದಳು, ಹಾರಿದಳು. ಚೆಂಡು ಬುಟ್ಟಿಯ ಅಂಚಿನಲ್ಲಿ ಒಂದು ಸುತ್ತು ತಿರುಗಿ ಒಳಗೆ ಬಿತ್ತು. ಟೀಚರು ಗಂಟೆ ಬಾರಿಸಿದರು.

ಬೆಂಚುಗಳು ಕಿತ್ತುಬರುವ ಹಾಗೆ ಜನ ಎದ್ದರು. ಆಟ ಗೊತ್ತಿಲ್ಲದಿದ್ದರೂ ಗುಮಾಸ್ತರಿಗೆ ಇದು ಗೊತ್ತಾಯಿತು. ಮಗಳು ಗೆದ್ದಳು. ಎದೆಯುಬ್ಬಿ ಅವಳ ಕಡೆ ತಿರುಗಿದರು.

ಮಗಳು ಕುಣಿಯುತ್ತಿರಲಿಲ್ಲ. ಗೆಳತಿಯರು ಅವಳ ಮೇಲೆ ಬಿದ್ದು ಅಪ್ಪಿಕೊಳ್ಳುತ್ತಿದ್ದರು. ಅವರ ಕೈಗಳ ನಡುವೆ ಅವಳ ಮುಖ ಬಿಳಿಚಿಕೊಂಡಿತ್ತು. ಕಣ್ಣು ಅಪ್ಪನ ಮೇಲಿತ್ತು. ನಿಧಾನವಾಗಿ ಕೈಯೆತ್ತಿ ಎಡಗಿವಿ ಹಿಡಿದಳು.

ಬೇರೆ ಯಾರೂ ನೋಡಿರಲಿಲ್ಲ. ಎದುರು ತಂಡದವರು ನೆಲ ನೋಡುತ್ತಾ ನಿಂತಿದ್ದರು. ಗುಮಾಸ್ತರು ಆ ಕಡೆ ಈ ಕಡೆ ನೋಡಿದರು. ಏನು ತಪ್ಪಾಗಿದೆಯೋ ಅವರಿಗೆ ತಿಳಿಯದು. ನಾನು ನೋಡಲೇ ಇಲ್ಲ ಎಂದರೆ ಯಾರು ಕೇಳುತ್ತಾರೆ? ಸೀಟಿ ತುಟಿಯ ಹತ್ತಿರ ಬಂತು, ಕೆಳಗಿಳಿಯಿತು. ಮಗಳು ಕಿವಿ ಬಿಡಲಿಲ್ಲ.

ಊದಿದರು.

ವ್ಯಾಯಾಮದ ಮೇಷ್ಟ್ರು ಓಡಿ ಬಂದರು. "ಏನು ಸರ್? ಏನು ತಪ್ಪು?"

ಗುಮಾಸ್ತರು ಮಗಳ ಕಡೆ ಕೈ ತೋರಿದರು. "ಅದನ್ನ ಆಡಿದವಳೇ ಹೇಳ್ಲಿ."

"ಮೂರು ಹೆಜ್ಜೆ ಇಟ್ಟೆ ಸರ್, ಚೆಂಡು ಬಡಿಯದೆ" ಎಂದಳು ಮಗಳು. ಕಿವಿಯಿಂದ ಕೈ ತೆಗೆದಳು. "ಟ್ರಾವೆಲಿಂಗ್."

ಬುಟ್ಟಿ ಲೆಕ್ಕಕ್ಕೆ ಬರಲಿಲ್ಲ. ಇಪ್ಪತ್ತೊಂದು ಇಪ್ಪತ್ತಕ್ಕೆ ಎದುರು ಶಾಲೆ ಗೆದ್ದಿತು. ಕಾಲುಚೀಲದ ತಾಯಿ ಕಣ್ಣೊರೆಸಿಕೊಳ್ಳುತ್ತಾ ಬಂದು, ತಮ್ಮ ದೂರಿನ ಅರ್ಜಿಯನ್ನು ಹಿಂತೆಗೆದುಕೊಳ್ಳಲು ಯಾವ ನಮೂನೆಯಲ್ಲಿ ಬರೆಯಬೇಕು ಎಂದು ಕೇಳಿದರು. ಗುಮಾಸ್ತರು, ಹೇಗೆ ಬರೆದರೂ ತಗೊಳ್ತೀನಮ್ಮ ಎಂದರು.

ಕ್ರೀಡಾಧಿಕಾರಿ ಅವರ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದುಕೊಂಡು ಹೋದರು. "ಒಂದು ತಕರಾರು ಇಲ್ಲ, ಒಂದು ಜಗಳ ಇಲ್ಲ. ಇಂಥ ಪಂದ್ಯ ನಾನು ನೋಡಿಲ್ಲ. ಮುಂದಿನ ತಿಂಗಳು ದೊಡ್ಡ ಪಂದ್ಯಾವಳಿ ಇದೆ. ನೀವೇ ಬರಬೇಕು."

"ಅದರಲ್ಲಿ ನಾವೂ ಒಂದು ಕೈ" ಎಂದು ನಾಲಿಗೆ ತಾನಾಗಿ ಹೊರಟಿತು. ಗುಮಾಸ್ತರು ಅದನ್ನು ಹಲ್ಲಿನಲ್ಲಿ ಹಿಡಿದು ನಿಲ್ಲಿಸಿದರು. ನೋವಾಯಿತು.

"ಇಲ್ಲ ಸರ್. ನನಗೆ ಈ ಆಟ ಬರಲ್ಲ. ಮೊದಲಿಂದಲೂ ಬರಲ್ಲ. ಇವತ್ತು ಆಡಿಸಿದ್ದು ಆ ಮಕ್ಕಳೇ."

ಅಧಿಕಾರಿ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು. "ನನಗೂ ಬರಲ್ಲ ಕಣ್ರೀ. ನಾನಿದ್ದದ್ದು ನೀರಾವರಿ ಇಲಾಖೆಯಲ್ಲಿ, ಇಲ್ಲಿಗೆ ವರ್ಗ ಮಾಡಿದ್ರು. ಆದ್ರೆ ಇದನ್ನೆಲ್ಲ ಇಷ್ಟು ಜೋರಾಗಿ ಹೇಳಬಾರದು."

ಮನೆಗೆ ನಡೆದು ಹೋಗುವಾಗ ಮಗಳು ಮುಂದೆ ಮುಂದೆ ಹೋದಳು. ಗುಮಾಸ್ತರು ಅವಳ ಚೀಲ ಹೊತ್ತು ಹಿಂದೆ ಹಿಂದೆ ನಡೆದರು. ಒಂಬತ್ತನೇ ನಂಬರಿನ ಹುಡುಗಿ ಸೈಕಲ್ಲಿನಲ್ಲಿ ಹಾದು ಹೋಗುತ್ತಾ, "ಭಾನುವಾರ ಅಭ್ಯಾಸಕ್ಕೆ ಬರ್ತೀಯಾ? ನಮ್ಮ ಶಾಲೇಲೂ ಅಂಕಣ ಇದೆ" ಎಂದು ಕೂಗಿದಳು. ಮಗಳು ಕೈಯೆತ್ತಿ ಬರುತ್ತೇನೆ ಎಂದಳು. ಆಮೇಲೆ ಅವಳ ನಡಿಗೆ ಸ್ವಲ್ಪ ಹಗುರವಾಯಿತು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಟೈಲರು ಅರ್ಧ ಸುದ್ದಿಯನ್ನು ಆಗಲೇ ತಂದು ಮುಟ್ಟಿಸಿದ್ದ.

"ಕೊನೇ ಗಳಿಗೇಲಿ ಇವಳು ಹಾಕಿದ ಬುಟ್ಟಿನ ನೀವು ವಿಸಿಲ್ ಊದಿ ಬೇಡ ಅಂದ್ರಂತೆ. ಹೌದೇನ್ರೀ?"

"ಹೌದು" ಎಂದರು ಗುಮಾಸ್ತರು.

"ನಿಮಗೆ ಎಡ ಬಲ ಗೊತ್ತಾಗಲ್ಲ. ಚೆಂಡು ಯಾವುದು ಬುಟ್ಟಿ ಯಾವುದು ಅಂತ ಗೊತ್ತಿಲ್ಲ. ಒಂದು ವರ್ಷದಿಂದ ಕಷ್ಟಪಟ್ಟಿದೆ ಮಗು. ಯಾಕೆ ಊದಿದ್ರಿ?"

ಗುಮಾಸ್ತರು ಬಗ್ಗಿ ಚಪ್ಪಲಿ ಬಿಚ್ಚಿದರು. ಮಗಳು ಅಮ್ಮನನ್ನು ದಾಟಿ ಒಳಗೆ ಹೋದವಳು ಹೊಸ್ತಿಲ ಮೇಲೆ ತಿರುಗಿ ನಿಂತಳು.

"ಅಪ್ಪ ಊದಿದ್ದು ಸರಿಯಾಗೇ ಇತ್ತಮ್ಮ" ಎಂದಳು.

ಚಪ್ಪಲಿ ಬಿಚ್ಚಿಯಾಗಿದ್ದರೂ ಗುಮಾಸ್ತರು ಸ್ವಲ್ಪ ಹೊತ್ತು ತಲೆಯೆತ್ತದೆ ಅದರ ಪಟ್ಟಿಯನ್ನೇ ಬಿಚ್ಚುತ್ತಿದ್ದರು.